ಶರಣರ ಕಾಯಕವೂ ಮಠದ ವಿದ್ಯೆಯೂ

ಪ್ರಾತಃಕಾಲದ ಲಿಂಗಪೂಜೆಯ ತರುವಾಯ ಶರಣರ ನಾಮಸ್ಮರಣೆಯನ್ನು ಮಾಡುವ ಭಕ್ತರು ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದರ ಕೇತಯ್ಯ, ನುಲಿಯ ಚಂದಯ್ಯ, ಒಕ್ಕಲಿಗ ಮುದ್ದಣ್ಣ, ವೈದ್ಯ ಸಂಗಣ್ಣ ಎಂದು ಒಂದೇ ಉಸಿರಿನಲ್ಲಿ ಹೇಳಿ ಕೈಮುಗಿಯುವರು. ನಾಲಗೆಗೆ ರೂಢಿಯಾಗಿ ಹೋದ ಈ ಹೆಸರುಗಳ ಪೂರ್ವಾರ್ಧದ ಕಡೆಗೆ ಚಿತ್ತವು ಹರಿಯುವದು ವಿರಳ. ಮಡಿವಾಳನೆಂದರೆ ಬಟ್ಟೆಯನ್ನು ಒಗೆದು ಮಡಿ ಮಾಡುವವನು. ಮೇದನೆಂದರೆ ಬಿದಿರನ್ನು ಸೀಳಿ ಬುಟ್ಟಿ ಮೊರಗಳನ್ನು ಹೆಣೆಯುವವನು. ನುಲಿಯೆಂದರೆ ಹುಲ್ಲಿನಿಂದ ಹೊಸೆದ ಹಗ್ಗ. ಹೊಟ್ಟೆಯ ಪಾಡಿಗಾಗಿ ಮಾಡುವ ಕೆಲಸದ ಹೆಸರನ್ನು ದೇವರ ಸನ್ನಿಧಿಯಲ್ಲಿ ಉಚ್ಚರಿಸುವ ಈ ಪದ್ಧತಿಯು ಎಲ್ಲಿಂದ ಬಂದಿತು, ಮುಂದೆ ಅದು ಯಾವ ಗತಿಯನ್ನು ಹೊಂದಿತು, ಮಠಗಳ ವಿದ್ಯಾದಾನಕ್ಕೂ ಅದಕ್ಕೂ ಇರುವ ಸಂಬಂಧವಾವದು ಎಂಬುದನ್ನು ಮಹೋತ್ಸವದ ಈ ಸಂದರ್ಭದಲ್ಲಿ ಪರಿಶೀಲಿಸುವದು ಉಚಿತವಾಗಿದೆ.

ಹನ್ನೆರಡನೆಯ ಶತಮಾನದ ಕನ್ನಡ ನಾಡು ಕಸುಬುಗಳಿಂದ ತುಂಬಿದ ನಾಡಾಗಿದ್ದಿತು. ಆ ಕಾಲದ ಶಾಸನಗಳಲ್ಲಿ ಅಯ್ಯಾವೊಳೆಯ ಐನೂರ್ವರೆಂಬ ವರ್ತಕ ಸಂಘದವರೂ ಗಾಣವಾಡಿಸುವ ತೆಲ್ಲಿಗರೂ ದೇವಾಲಯಗಳಿಗೆ ದತ್ತಿಗಳನ್ನು ಬಿಟ್ಟ ಸಂಗತಿಯು ಮೇಲಿಂದ ಮೇಲೆ ಬರುತ್ತದೆ. ಗಾಣಕ್ಕೂ ತೆರಿಗೆ, ಮಗ್ಗಕ್ಕೂ ತೆರಿಗೆ. ಆದರೆ ದೇಗುಲದ ನಂದಾದೀಪಕ್ಕೆ ಎಣ್ಣೆಯನ್ನು ಕೊಟ್ಟ ತೆಲ್ಲಿಗನ ದಾನವು ಕಲ್ಲಿನಲ್ಲಿ ಕೊರೆಯಲ್ಪಟ್ಟರೂ ಅವನ ಗಾಣವು ವಿದ್ವಾಂಸರ ಗೋಷ್ಠಿಯಲ್ಲಿ ಎತ್ತಲು ಯೋಗ್ಯವಾದ ವಸ್ತುವೆಂದು ಎಣಿಸಲ್ಪಟ್ಟಿರಲಿಲ್ಲ.

ವಿದ್ಯೆಯು ಎಲ್ಲಿ ಇದ್ದಿತೆಂಬುದಕ್ಕೆ ಬಳ್ಳಿಗಾವೆಯ ಕೋಡಿಯಮಠವು ಅತ್ಯಂತ ಸ್ಪಷ್ಟವಾದ ನಿದರ್ಶನವಾಗಿದೆ. ಈಗಿನ ಶಿಕಾರಿಪುರ ತಾಲೂಕಿನಲ್ಲಿರುವ ಈ ಸ್ಥಳದ ಕೇದಾರೇಶ್ವರ ದೇವಾಲಯಕ್ಕೆ ಹೊಂದಿಕೊಂಡು ಕಾಳಾಮುಖ ಆಚಾರ್ಯರ ಮಠವಿದ್ದಿತು. ಬಿಜ್ಜಳನ ಕಾಲದ, ಕ್ರಿ. ಶ. ೧೧೬೨ರ ಶಾಸನವೊಂದು ಆ ಮಠದಲ್ಲಿ ಏನೇನು ನಡೆಯುತ್ತಿದ್ದಿತೆಂಬುದನ್ನು ಸಾವಕಾಶವಾಗಿ ಬಣ್ಣಿಸುತ್ತದೆ. ಅಲ್ಲಿ ಅಂಗಸಹಿತವಾದ ನಾಲ್ಕು ವೇದಗಳ ಪಠನವಿದ್ದಿತು. ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳ ವ್ಯಾಖ್ಯಾನವಿದ್ದಿತು. ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯಗಳೊಡನೆ ಬೌದ್ಧ ದರ್ಶನವನ್ನೂ ಬಿಡದೆ ಹೇಳಿಕೊಡುತ್ತಿದ್ದರು. ಹದಿನೆಂಟು ಪುರಾಣಗಳು, ಧರ್ಮಶಾಸ್ತ್ರಗಳು, ಕಾವ್ಯ ನಾಟಕಗಳು ಇದ್ದವು. ಅಷ್ಟೇ ಅಲ್ಲ, ದೀನರು, ಅನಾಥರು, ಕುಂಟರು, ಕುರುಡರು, ಹಾಡುವವರು, ಬಾರಿಸುವವರು, ನಾನಾ ದೇಶಗಳಿಂದ ಬಂದ ಭಿಕ್ಷುಗಳು ಇವರೆಲ್ಲರಿಗೆ ಅನ್ನವೂ, ರೋಗಿಗಳಿಗೆ ಔಷಧೋಪಚಾರವೂ ಅಲ್ಲಿ ದೊರೆಯುತ್ತಿದ್ದವು. ಮಠವೆಂಬ ಶಬ್ದಕ್ಕೆ ಇದಕ್ಕಿಂತ ಉದಾರವಾದ ಅರ್ಥವನ್ನು ಇಂದಿಗೂ ಕಲ್ಪಿಸುವದು ಕಷ್ಟ.

ಆದರೂ ಆ ದೀರ್ಘವಾದ ಪಟ್ಟಿಯಲ್ಲಿ ನೇಯ್ಗೆಯಿಲ್ಲ, ಕಮ್ಮಾರಿಕೆಯಿಲ್ಲ, ಒಕ್ಕಲುತನವಿಲ್ಲ. ಇದನ್ನು ಆ ಮಠದ ದೋಷವೆನ್ನುವದು ಅನ್ಯಾಯವಾದೀತು. ಆ ಕಾಲದ ವಿದ್ಯಾಸ್ಥಾನಗಳ ರೀತಿಯೇ ಅದಾಗಿದ್ದಿತು. ಕಸುಬನ್ನು ಮಗನು ತಂದೆಯ ಬಳಿಯಲ್ಲಿ, ಮನೆಯ ಅಂಗಳದಲ್ಲಿ ಕಲಿಯುತ್ತಿದ್ದನು. ಓದು ಬೇರೆ, ಬದುಕು ಬೇರೆ. ಓದಿದವನು ದುಡಿಯಲಾರನು, ದುಡಿಯುವವನು ಓದಲಾರನು ಎಂಬ ಭಾವನೆಯು ಲೋಕದಲ್ಲಿ ಬೇರೂರಿದ್ದಿತು.

ಈ ಗೋಡೆಯನ್ನು ಒಡೆದವರು ಅದೇ ಬಿಜ್ಜಳನ ಕಾಲದಲ್ಲಿ, ಅವನ ರಾಜಧಾನಿಯಾದ ಕಲ್ಯಾಣದಲ್ಲಿಯೇ ಬಾಳಿದ ಶರಣರು. ಬಸವಣ್ಣನವರು ಸ್ವತಃ ಬಿಜ್ಜಳನ ಭಂಡಾರದ ಕಾಯಕವನ್ನು ನಡೆಸುತ್ತಿದ್ದರು. ಅವರ ಮಹಾಮನೆಗೆ ಬಂದು ಕುಳಿತವರಲ್ಲಿ ಬಹುಮಂದಿ ಕೈಕೆಲಸದವರು. ಅವರು ಅಲ್ಲಿಗೆ ಬಂದ ಮೇಲೆ ತಮ್ಮ ಕಸುಬನ್ನು ಬಿಡಲಿಲ್ಲ, ಅದರ ಹೆಸರನ್ನು ಮರೆಮಾಚಲೂ ಇಲ್ಲ. ದೀಕ್ಷೆಯನ್ನು ಪಡೆದವನು ಪೂರ್ವಾಶ್ರಮದ ಹೆಸರನ್ನು ಕಳೆದುಕೊಳ್ಳುವದು ಅನೇಕ ಮತಗಳ ಸಂಪ್ರದಾಯ. ಕಲ್ಯಾಣದಲ್ಲಿ ಆದದ್ದು ಇದಕ್ಕೆ ವಿಪರೀತ. ಅದುವರೆಗೆ ಲೋಕವು ಯಾವ ಮಾತನ್ನು ಕೀಳೆಂದು ಹೇಳಿ ಅಗಸನನ್ನು ಅಂಗಳದ ಹೊರಗೆ ನಿಲ್ಲಿಸುತ್ತಿದ್ದಿತೋ ಅದೇ ಮಾತು ಮಾಚಯ್ಯನವರ ಹೆಸರಿನ ಮುಂದೆ ಬಿರುದಿನಂತೆ ನಿಂತಿತು.

ಹೆಸರಿನಲ್ಲಿ ಮಾತ್ರವಲ್ಲ, ವಚನಗಳ ಒಳಗೂ ಕಸುಬು ಪ್ರವೇಶಿಸಿತು. ಬಸವಣ್ಣನವರಿಗಿಂತ ಹಿಂದಿನವರಾದ ಮಾದಾರ ಚೆನ್ನಯ್ಯನವರ ವಚನಗಳ ಅಂಕಿತವನ್ನು ನೋಡಿರಿ: ಉಳಿ, ಕತ್ತಿ, ಅಡಿಗೂಂಟ ಎಂಬ ಚರ್ಮದ ಕೆಲಸದ ಉಪಕರಣಗಳು ಆ ಅಂಕಿತದಲ್ಲಿಯೇ ಸೇರಿಕೊಂಡಿವೆ. ಇಷ್ಟದೈವದ ಹೆಸರು ಬರುವ ಪವಿತ್ರ ಸ್ಥಾನದಲ್ಲಿ ಕೆರ ಹೊಲಿಯುವ ಉಳಿಯನ್ನಿರಿಸಿದ ಧೈರ್ಯಕ್ಕೆ ಇನ್ನೊಂದು ಉದಾಹರಣೆಯು ದೊರೆಯುವದು ದುರ್ಲಭ. ಈ ಚೆನ್ನಯ್ಯನವರನ್ನೇ ಬಸವಣ್ಣನವರು ತಮ್ಮ ತಂದೆಯೆಂದು ಕರೆದುಕೊಂಡರು. ತುಂಗಭದ್ರೆಯ ದಂಡೆಯ ಚೌಡದಾನಪುರದೊಡನೆ ಹೆಸರು ಬೆಸೆದಿರುವ ಅಂಬಿಗರ ಚೌಡಯ್ಯನವರಂತೂ ಬೇರೆ ಅಂಕಿತವನ್ನೇ ಇಟ್ಟುಕೊಳ್ಳಲಿಲ್ಲ. ಕಸುಬು ಕೂಡಿದ ತಮ್ಮ ಹೆಸರನ್ನೇ ವಚನದ ಕೊನೆಗೆ ಇಟ್ಟರು. ನೂಲುವ ಕಾಯಕದ ಕದಿರ ರೆಮ್ಮವ್ವನವರು ತಾವು ತಿರುಗಿಸುವ ರಾಟಿಯ ಒಂದೊಂದು ಅಂಗದಲ್ಲಿ ಒಬ್ಬೊಬ್ಬ ದೇವತೆಯನ್ನು ಕಂಡರು. ತುರುಗಾಹಿ ರಾಮಣ್ಣನವರು ದನಗಳ ಮಂದೆಯ ಭಾಷೆಯಲ್ಲಿ, ವೈದ್ಯ ಸಂಗಣ್ಣನವರು ವ್ಯಾಧಿ ಔಷಧಗಳ ಭಾಷೆಯಲ್ಲಿ ತತ್ತ್ವವನ್ನು ಹೇಳಿದರು. ಬಳ್ಳಿಗಾವೆಯಲ್ಲಿ ವ್ಯಾಕರಣದಿಂದ ಯಾವ ಕಾರ್ಯವು ನಡೆಯುತ್ತಿದ್ದಿತೋ ಕಲ್ಯಾಣದಲ್ಲಿ ಅದು ರಾಟಿಯಿಂದಲೂ ಹುಟ್ಟಿನಿಂದಲೂ ನಡೆಯಿತು. ಓದುಬರಹಕ್ಕೆ ಅಧಿಕಾರವಿಲ್ಲವೆಂದು ಹೇಳಲ್ಪಟ್ಟ ಹೆಂಗಸು ಗಂಡಸರು ತಮ್ಮ ದಿನದ ದುಡಿಮೆಯನ್ನೇ ಪಾಠವನ್ನಾಗಿ ಮಾಡಿಕೊಂಡರು.

ಕಾಯಕವೆಂದರೆ ಬರಿಯ ಉದ್ಯೋಗವಲ್ಲವೆಂಬುದಕ್ಕೆ ಆಯ್ದಕ್ಕಿ ಮಾರಯ್ಯನವರ ಪ್ರಸಂಗವು ಎಲ್ಲರಿಗೂ ತಿಳಿದದ್ದು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವದು ಅವರ ಕಾಯಕ. ಒಂದು ದಿನ ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿ ಬಂದಾಗ ಪತ್ನಿಯಾದ ಲಕ್ಕಮ್ಮನವರು ಮಿಕ್ಕದ್ದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿ ಕಳುಹಿದರು. ಈ ಕಥೆಯು ಕೀರ್ತನೆ ಪುರಾಣಗಳಲ್ಲಿ ಪ್ರಸಿದ್ಧವಾಗಿದೆ. ಆದರೆ ಶೂನ್ಯಸಂಪಾದನೆಯಲ್ಲಿ ಇದಕ್ಕೆ ಮೊದಲು ಬರುವ ಇನ್ನೊಂದು ಸಂಗತಿಯ ಕಡೆಗೆ ಅಷ್ಟು ಲಕ್ಷ್ಯವು ಹೋಗಿಲ್ಲ. ಮಾರಯ್ಯನವರು ಅಲ್ಲಮಪ್ರಭುಗಳ ಅನುಭಾವವನ್ನು ಕೇಳುತ್ತ ಮೈಮರೆತು ಕುಳಿತಿರುವಾಗ, ಕಾಯಕವು ನಿಂತುಹೋಗಿದೆಯೆಂದು ಅವರನ್ನು ಎಚ್ಚರಿಸಿ ಎಬ್ಬಿಸಿದವರು ಲಕ್ಕಮ್ಮನವರು. ಪ್ರಭುಗಳಂಥ ಮಹಾಜ್ಞಾನಿಗಳ ಮಾತೇ ಆಗಲಿ, ಅದು ಕೆಲಸವನ್ನು ಬಿಡಿಸಿದರೆ ಆ ಶ್ರವಣವು ಅಪೂರ್ಣವೆಂಬುದು ಆ ತಾಯಿಯ ಅಭಿಪ್ರಾಯ. ಪಾಠಶಾಲೆಗಳಲ್ಲಿ ಕುಳಿತವರು ಈ ಪ್ರಸಂಗವನ್ನು ಸ್ವಲ್ಪ ಸಂಕೋಚದಿಂದಲೇ ಓದಬೇಕಾಗುತ್ತದೆ.

ನುಲಿಯ ಚಂದಯ್ಯನವರ ಕಥೆಯು ಇನ್ನೂ ಮುಂದೆ ಹೋಗುತ್ತದೆ. ಅವರು ಕೆರೆಯಲ್ಲಿ ಹುಲ್ಲನ್ನು ಕೊಯ್ಯುತ್ತಿರುವಾಗ ಕೊರಳ ಲಿಂಗವು ನೀರಿಗೆ ಬಿದ್ದಿತು. ಅದನ್ನು ಎತ್ತಿಕೊಳ್ಳದೆ ಅವರು ಹುಲ್ಲಿನ ಹೊರೆಯೊಡನೆ ನಡೆದರು. ಲಿಂಗವೇ ಅವರನ್ನು ಹಿಂಬಾಲಿಸಿ ಬಂದಿತೆಂದೂ, ಮಾಚಯ್ಯನವರು ನಡುವೆ ಬಂದು ಬುದ್ಧಿ ಹೇಳಿದ ಮೇಲೆ ಹಗ್ಗವನ್ನು ಮಾರಿಕೊಂಡು ಬರುವ ಕೆಲಸವನ್ನು ಲಿಂಗಕ್ಕೇ ಒಪ್ಪಿಸಿ ಚಂದಯ್ಯನವರು ಅದನ್ನು ಸ್ವೀಕರಿಸಿದರೆಂದೂ ಕಥೆ. ಇದರ ತಾತ್ಪರ್ಯವು ಸ್ಪಷ್ಟವಾಗಿದೆ: ಗುರುವಾಗಲಿ, ಲಿಂಗವಾಗಲಿ, ಜಂಗಮವಾಗಲಿ ಕಾಯಕದಿಂದ ಬಿಡುಗಡೆ ಯಾರಿಗೂ ಇಲ್ಲ. ಭಕ್ತರ ಕಾಣಿಕೆಯಿಂದ ನಡೆಯುವ ಮಠಗಳಿಗೂ ಈ ನ್ಯಾಯವು ಅನ್ವಯಿಸುತ್ತದೆಯೆಂಬುದನ್ನು ಒತ್ತಿ ಹೇಳುವ ಅವಶ್ಯಕತೆಯಿಲ್ಲ.

೧೧೬೭ರ ಸುಮಾರಿಗೆ ಕಲ್ಯಾಣದಲ್ಲಿ ವಿಪ್ಲವವಾಗಿ ಶರಣರು ದಿಕ್ಕುಪಾಲಾದರು. ವಚನದ ಕಟ್ಟುಗಳು ಮಠಗಳಲ್ಲಿಯೂ ಭಕ್ತರ ಮನೆಗಳಲ್ಲಿಯೂ ಪೂಜೆಗೊಳ್ಳುತ್ತ ಉಳಿದವು. ಹದಿನೈದನೆಯ ಶತಮಾನದಲ್ಲಿ ವಿಜಯನಗರದ ಆಶ್ರಯದಲ್ಲಿ ಅವುಗಳ ಸಂಕಲನ ವ್ಯಾಖ್ಯಾನಗಳು ನಡೆದವು. ಶೂನ್ಯಸಂಪಾದನೆಯು ಹುಟ್ಟಿದ್ದೂ ಆ ಶತಮಾನದಲ್ಲಿಯೇ. ಆದರೆ ಗ್ರಂಥವು ಉಳಿದಂತೆ ಆಚಾರವು ಉಳಿಯಲಿಲ್ಲ. ಕಾಯಕದ ಹೆಸರು ಕಾಲಕ್ರಮದಲ್ಲಿ ಮತ್ತೆ ಹುಟ್ಟಿನ ಹೆಸರಾಯಿತು. ಹಡಪದ, ಮಡಿವಾಳ, ಗಾಣಿಗ ಎಂಬವು ಲಿಂಗವಂತರೊಳಗೇ ಒಳಪಂಗಡಗಳಾಗಿ ನಿಂತು, ಒಬ್ಬರು ಇನ್ನೊಬ್ಬರಲ್ಲಿ ಹೆಣ್ಣು ಕೊಟ್ಟು ತರುವ ವ್ಯವಹಾರವು ಇಲ್ಲದಂತಾಯಿತು. ಹರಳಯ್ಯ ಮಧುವರಸರ ಮಕ್ಕಳ ಮದುವೆಗಾಗಿ ಪ್ರಾಣತ್ಯಾಗವು ನಡೆದ ಧರ್ಮದಲ್ಲಿ ಹೀಗಾದದ್ದು ವ್ಯಸನಕರವಾದ ಸಂಗತಿ. ಮಠದ ಪಾಠಶಾಲೆಗಳೂ ಇದಕ್ಕೆ ಪೂರ್ಣವಾಗಿ ಹೊರತಾಗಿರಲಿಲ್ಲ. ಪಟ್ಟಾಧಿಕಾರಕ್ಕೂ ಪೌರೋಹಿತ್ಯಕ್ಕೂ ಬೇಕಾದ ಸಂಸ್ಕೃತಾಭ್ಯಾಸವು ಬಹುಕಾಲ ಜಂಗಮ ವಟುಗಳ ಸುತ್ತಲೇ ತಿರುಗುತ್ತಿದ್ದಿತು. ಮಡಿವಾಳ ಮಾಚಯ್ಯನವರ ಹೆಸರನ್ನು ನಿತ್ಯವೂ ಹೇಳುವ ಬಾಯಿಗಳು ಮಡಿವಾಳನ ಮಗನಿಗೆ ಅಕ್ಷರವನ್ನು ಹೇಳಿಕೊಡಲು ತಡಮಾಡಿದವು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಗಾಳಿಯು ಬದಲಾಯಿತು. ಸಿರಸಂಗಿಯ ಲಿಂಗರಾಜ ದೇಸಾಯಿಯವರು ೧೯೦೬ರಲ್ಲಿ ಲಿಂಗೈಕ್ಯರಾಗುವ ಮುಂಚೆ ತಮ್ಮ ಸಂಸ್ಥಾನದ ಸಂಪತ್ತನ್ನು ವಿದ್ಯಾರ್ಥಿಗಳಿಗಾಗಿ ಮರಣಪತ್ರದ ಮೂಲಕ ಬರೆದಿಟ್ಟರು. ೧೯೧೬ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಉಪಾಧ್ಯಾಯರು ಕೂಡಿ ಕರ್ನಾಟಕ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಗೆ ಅಡಿಪಾಯವನ್ನಿಟ್ಟರು. ವಿಜಯಪುರದಲ್ಲಿ ವಕೀಲಿಯನ್ನು ನಡೆಸುತ್ತಿದ್ದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು ಊರೂರು ಅಲೆದು ತಾಳೆಗರಿಗಳನ್ನು ಸಂಗ್ರಹಿಸಿ ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವನ್ನು ಪ್ರಕಟಿಸಿದರು. ಮುದ್ರಣಾಲಯವನ್ನು ಸ್ಥಾಪಿಸುವದಕ್ಕಾಗಿ ಸ್ವಂತ ಮನೆಯನ್ನು ಮಾರಿದರು. ಪೂಜೆಯ ಗಂಟಿನೊಳಗಿದ್ದ ನೇಕಾರ ಅಂಬಿಗರ ಮಾತುಗಳನ್ನು ನೇಕಾರರೂ ಅಂಬಿಗರೂ ಓದುವಂತಾದದ್ದು ಆ ಮೇಲೆಯೇ.

ಮಠಗಳಲ್ಲಿ ಈ ಜಾಗೃತಿಗೆ ಮುಖ್ಯ ಕಾರಣರಾದವರು ಹಾನಗಲ್ಲ ಕುಮಾರ ಸ್ವಾಮಿಗಳು. ೧೯೦೪ರಲ್ಲಿ ವೀರಶೈವ ಮಹಾಸಭೆಯನ್ನು ಸ್ಥಾಪಿಸಿದ ತರುವಾಯ ಅವರು ೧೯೦೯ರಲ್ಲಿ ಬಾದಾಮಿಯ ಸಮೀಪದಲ್ಲಿ ಮಲಪಹಾರಿಯ ದಂಡೆಯ ಮೇಲೆ ಶಿವಯೋಗಮಂದಿರವನ್ನು ಕಟ್ಟಿದರು. ಮುಂದೆ ಮಠಾಧಿಪತಿಗಳಾಗುವ ವಟುಗಳಿಗೆ ಅಲ್ಲಿ ಸಂಸ್ಕೃತ, ಕನ್ನಡ, ಸಂಗೀತ, ಯೋಗಗಳ ಶಿಕ್ಷಣವು ಏರ್ಪಟ್ಟಿತು. ಅದರ ಜೊತೆಗೇ ಗೋಶಾಲೆಯಿದ್ದಿತು. ಗೋಮಯದಿಂದ ವಿಧಿಪೂರ್ವಕವಾಗಿ ವಿಭೂತಿಯನ್ನು ತಯಾರಿಸುವ ಕೆಲಸವಿದ್ದಿತು. ಶಿವಯೋಗಮಂದಿರದ ವಿಭೂತಿಗಟ್ಟಿಯು ನಾಡಿನ ಮೂಲೆಮೂಲೆಯ ಜಗುಲಿಗಳಿಗೆ ಹೋಯಿತು. ವ್ಯಾಕರಣದ ಮಗ್ಗುಲಲ್ಲಿಯೇ ಸಗಣಿ ತಟ್ಟುವ ಕೈಗಳಿಗೂ ಸ್ಥಾನವಿದ್ದುದು ಬಳ್ಳಿಗಾವೆಯ ಶಾಸನವನ್ನು ಓದಿದವರಿಗೆ ಚಿಕ್ಕ ವಿಷಯವಾಗಿ ತೋರದು.

ಅನಂತರ ಬಂದದ್ದು ಉಚಿತ ಪ್ರಸಾದನಿಲಯಗಳ ಕಾಲ. ತುಮಕೂರಿನ ಬಳಿಯ ಸಿದ್ಧಗಂಗೆಯಲ್ಲಿ ಉದ್ದಾನ ಶಿವಯೋಗಿಗಳು ೧೯೧೭ರಲ್ಲಿ ಸಂಸ್ಕೃತ ಪಾಠಶಾಲೆಯನ್ನು ತೆರೆದರು. ಅವರ ತರುವಾಯ ೧೯೪೧ರಲ್ಲಿ ಭಾರವನ್ನು ಹೊತ್ತ ಶಿವಕುಮಾರ ಸ್ವಾಮಿಗಳು ಜೋಳಿಗೆಯನ್ನು ಹಿಡಿದು ಹಳ್ಳಿಹಳ್ಳಿಗೆ ನಡೆದು, ರೈತರು ಕೊಟ್ಟ ರಾಗಿಯಿಂದ ಎಲ್ಲ ಜಾತಿ ಮತಗಳ ಮಕ್ಕಳನ್ನೂ ಒಂದೇ ಸಾಲಿನಲ್ಲಿ ಕುಳ್ಳಿರಿಸಿ ಉಣಬಡಿಸಿದರು. ೨೦೧೯ರ ಜನವರಿಯಲ್ಲಿ ಲಿಂಗೈಕ್ಯರಾಗುವ ಹೊತ್ತಿಗೆ ಆ ಮಕ್ಕಳ ಸಂಖ್ಯೆಯು ಎಂಟು ಸಾವಿರವನ್ನು ಮಿಕ್ಕಿದ್ದಿತು. ಸುತ್ತೂರಿನ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು ೧೯೪೧ರಲ್ಲಿಯೇ ಮೈಸೂರಿನಲ್ಲಿ ಬಡ ವಿದ್ಯಾರ್ಥಿಗಳಿಗೆ ಊಟ ವಸತಿಗಳ ವ್ಯವಸ್ಥೆಯನ್ನು ಆರಂಭಿಸಿದರು.

ಈ ನಿಲಯಗಳಿಂದ ಗುಮಾಸ್ತರು, ಉಪಾಧ್ಯಾಯರು, ವಕೀಲರು, ವೈದ್ಯರು, ಅಧಿಕಾರಿಗಳು ಹೊರಬಿದ್ದರು. ಅದು ಸಂತೋಷದ ವಿಷಯ. ಅದರೊಡನೆ ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ಗಾಣದ ಮನೆಯಿಂದ ಬಂದು ಪದವಿಯನ್ನು ಪಡೆದ ತರುಣನು ಗಾಣದ ಹೆಸರನ್ನು ಹೇಳಿಕೊಳ್ಳಲು ನಾಚಿದ್ದುಂಟು. ನಾಚಿಕೆಯು ಅವನ ತಪ್ಪಲ್ಲ. ಆ ಹೆಸರನ್ನು ಹೀನವೆಂದು ಎಣಿಸಿದ ನೆರೆಹೊರೆಯ ತಪ್ಪು. ಆದರೆ ಗಾಣದ ಕಣ್ಣಪ್ಪನವರನ್ನು ಶರಣರೆಂದು ಸ್ತುತಿಸುವ ಮಠದಲ್ಲಿ ಉಂಡು ಓದಿದವನಿಗೂ ಆ ನಾಚಿಕೆಯು ಉಳಿಯಿತೆಂದರೆ ಆ ಪಾಠದಲ್ಲಿ ಏನೋ ಒಂದು ಕೊರತೆಯಿದ್ದಿತೆಂದೇ ತಿಳಿಯಬೇಕು.

ಓದೂ ಕಾಯಕವೂ ಒಂದೇ ಆದ ಉದಾಹರಣೆಯೊಂದು ಗದಗಿನಲ್ಲಿದೆ. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ೧೮೯೨ರಲ್ಲಿ ಹುಟ್ಟಿದ ಅಂಧ ಬಾಲಕನೊಬ್ಬನನ್ನು ಕುಮಾರ ಸ್ವಾಮಿಗಳು ಕರೆತಂದು ಸಂಗೀತವನ್ನು ಕಲಿಸಿದರು. ಕಣ್ಣಿಲ್ಲದವನಿಗೆ ಅಂದು ಲೋಕವು ಬಿಟ್ಟಿದ್ದ ವೃತ್ತಿಯು ಭಿಕ್ಷಾಟನವೊಂದೇ. ಆ ಬಾಲಕನು ಪಂಚಾಕ್ಷರಿ ಗವಾಯಿಗಳೆಂದು ಪ್ರಸಿದ್ಧರಾಗಿ, ತಮ್ಮಂಥ ಅಂಧ ಅನಾಥ ಮಕ್ಕಳನ್ನು ಕೂಡಿಸಿಕೊಂಡು ಊರಿಂದೂರಿಗೆ ಸಂಚರಿಸುತ್ತ ಪಾಠ ಹೇಳಿದರು. ಆ ಸಂಚಾರಿ ಶಾಲೆಯೇ ಮುಂದೆ ಗದಗಿನ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆಗೊಂಡಿತು. ೧೯೪೪ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಶಿಷ್ಯರಾದ ಪುಟ್ಟರಾಜ ಗವಾಯಿಗಳು ಅದನ್ನು ೨೦೧೦ರವರೆಗೆ ನಡೆಸಿದರು, ಅವರೂ ದೃಷ್ಟಿಯಿಲ್ಲದವರೇ. ಆಶ್ರಮದ ಅನ್ನದ ಖರ್ಚು ಕಾಣಿಕೆಯಿಂದಲೇ ಸಾಗದಿದ್ದಾಗ ನಾಟಕದ ಕಂಪನಿಯನ್ನು ಕಟ್ಟಿ, ಆಟದ ಗಳಿಕೆಯಿಂದ ಮಕ್ಕಳಿಗೆ ಉಣಿಸಿದರು. ಅಲ್ಲಿ ಕಲಿತವರು ಹಾಡುಗಾರರಾಗಿ, ಪೇಟಿ ತಬಲಾ ವಾದಕರಾಗಿ, ಸಂಗೀತದ ಉಪಾಧ್ಯಾಯರಾಗಿ, ಕೀರ್ತನಕಾರರಾಗಿ ನಾಡಿನ ತುಂಬ ಹರಡಿ ತಮ್ಮ ಬೆವರಿನ ಅನ್ನವನ್ನು ಉಣ್ಣುತ್ತಿದ್ದಾರೆ. ಗವಾಯಿಯೆಂದರೆ ಹಾಡುವವನು, ಅದು ಒಂದು ಕಸುಬಿನ ಹೆಸರು. ಮಡಿವಾಳ, ಅಂಬಿಗ, ನುಲಿಯ ಎಂಬವುಗಳ ಸಾಲಿನಲ್ಲಿ ಆ ಹೆಸರನ್ನೂ ಭಕ್ತರು ಈಗ ಕೈಮುಗಿದೇ ಉಚ್ಚರಿಸುತ್ತಾರೆ.