ದೊಡ್ಡಿಯ ಗೇಟಿನಿಂದ ಕ್ರೀಡಾಂಗಣಕ್ಕೆ: ವರ್ಕಿಂಗ್ ಈಕ್ವಿಟೇಶನ್ ಕಲಿಯಬಯಸುವವರಿಗೆ

ಕುದುರೆಯ ಮೇಲೆ ಕುಳಿತಿರುವಂತೆಯೇ ದೊಡ್ಡಿಯ ಗೇಟಿನ ಅಗಳಿ ತೆಗೆಯಬೇಕು. ಗೇಟನ್ನು ಸರಿಸಿ ಒಳಕ್ಕೆ ದಾಟಬೇಕು. ಮತ್ತೆ ಮುಚ್ಚಿ ಅಗಳಿ ಹಾಕಬೇಕು. ಇಷ್ಟೂ ಹೊತ್ತು ಗೇಟಿನ ಮೇಲಿಟ್ಟ ಕೈಯನ್ನು ಬಿಡಕೂಡದು, ಕುದುರೆ ಬೆದರಕೂಡದು. ದನ ಕಾಯುವ ಸವಾರನಿಗೆ ಇದು ದಿನನಿತ್ಯದ ಕೆಲಸ. ಅವನು ಗೇಟನ್ನು ಕೈಬಿಟ್ಟರೆ ಒಳಗಿನ ದನಗಳೆಲ್ಲ ಬಯಲಿಗೆ ಬೀಳುತ್ತವೆ. ಈ ಕೆಲಸವನ್ನೇ ತೀರ್ಪುಗಾರರ ಎದುರು ಅಂಕಗಳ ಪರೀಕ್ಷೆಗೆ ಒಡ್ಡುವ ಕ್ರೀಡೆಗೆ ವರ್ಕಿಂಗ್ ಈಕ್ವಿಟೇಶನ್ ಎಂದು ಹೆಸರು. ಕನ್ನಡದಲ್ಲಿ 'ದುಡಿಮೆಯ ಸವಾರಿ' ಎಂದರೆ ಅರ್ಥ ಬಹುಮಟ್ಟಿಗೆ ಬಂದಂತೆ.

ಇದರ ತವರು ದಕ್ಷಿಣ ಯುರೋಪು. ಪೋರ್ಚುಗಲ್‌ನ ರಿಬಾತೇಜೊ ಬಯಲಿನ ಕಾಂಪಿನೊಗಳು, ಸ್ಪೇನ್‌ನ ಆಂಡಲೂಸಿಯಾದ ವಾಕೆರೊಗಳು, ಫ್ರಾನ್ಸ್‌ನಲ್ಲಿ ರೋನ್ ನದಿ ಸಮುದ್ರ ಸೇರುವ ಕಮಾರ್ಗ್ ಜೌಗುನೆಲದ ಗಾರ್ಡಿಯನ್‌ಗಳು, ಇಟಲಿಯ ಮರೆಮ್ಮಾ ಪ್ರದೇಶದ ಬುಟ್ಟೆರೊಗಳು ತಲೆಮಾರುಗಳಿಂದ ಕುದುರೆಯ ಮೇಲೆ ಕುಳಿತೇ ದನಗಳನ್ನು, ಗೂಳಿಗಳನ್ನು ಕಾಯುತ್ತ ಬಂದವರು. ತಂತಿಬೇಲಿ ಮತ್ತು ಮೋಟಾರು ವಾಹನಗಳು ಬಂದ ಮೇಲೆ ಈ ಸವಾರರ ಅಗತ್ಯ ಕುಗ್ಗಿತು. ಕೆಲಸ ಹೋದರೆ ಕೆಲಸದೊಂದಿಗೆ ಬೆಳೆದ ವಿದ್ಯೆಯೂ ಹೋಗುತ್ತದೆ ಎಂಬ ಆತಂಕವೇ ಈ ಕ್ರೀಡೆಯ ಹುಟ್ಟಿಗೆ ಪ್ರೇರಣೆ. 1996ರಲ್ಲಿ ಇಟಲಿಯಲ್ಲಿ ಮೊದಲ ಯುರೋಪಿಯನ್ ಚಾಂಪಿಯನ್‌ಷಿಪ್ ನಡೆಯಿತು. 2004ರಲ್ಲಿ ಅಂತಾರಾಷ್ಟ್ರೀಯ ಸಂಸ್ಥೆಯೊಂದು ರೂಪುಗೊಂಡು ನಿಯಮಗಳನ್ನು ಏಕರೂಪಕ್ಕೆ ತಂದಿತು. ನಂತರ ಬ್ರೆಜಿಲ್, ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾಗಳಿಗೂ ಕ್ರೀಡೆ ಹಬ್ಬಿದೆ. ಒಲಿಂಪಿಕ್ಸ್‌ನಲ್ಲಿ ಇದಕ್ಕೆ ಸ್ಥಾನವಿಲ್ಲ. ಅಂತಾರಾಷ್ಟ್ರೀಯ ಸ್ಪರ್ಧೆಗಳಲ್ಲಿ ಸವಾರರು ತಮ್ಮ ದೇಶದ ಸಾಂಪ್ರದಾಯಿಕ ಉಡುಪಿನಲ್ಲಿ, ಸಾಂಪ್ರದಾಯಿಕ ಜೀನು ಲಗಾಮುಗಳೊಂದಿಗೆ ಬರುತ್ತಾರೆ. ಇದನ್ನು ವೇಷಭೂಷಣದ ಶೋಕಿ ಎಂದು ತಿಳಿಯುವವರುಂಟು. ವಾಸ್ತವವಾಗಿ ಪ್ರತಿ ನಾಡಿನ ಜೀನಿಗೂ ಆ ನಾಡಿನ ಕೆಲಸದ ಗುರುತಿದೆ.

ನಾಲ್ಕು ಪರೀಕ್ಷೆಗಳು

ಪೂರ್ಣ ಸ್ಪರ್ಧೆಯಲ್ಲಿ ನಾಲ್ಕು ಹಂತಗಳಿವೆ. ಮೊದಲನೆಯದು ಡ್ರೆಸಾಜ್. 40 ಮೀಟರ್ ಉದ್ದ, 20 ಮೀಟರ್ ಅಗಲದ ಅಂಗಣದಲ್ಲಿ ಗೊತ್ತುಪಡಿಸಿದ ಚಲನೆಗಳನ್ನು ಮಾಡಿ ತೋರಿಸಬೇಕು. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ತಂಡ ಚಿನ್ನ ಗೆದ್ದ ಬಳಿಕ ಡ್ರೆಸಾಜ್ ಎಂಬ ಹೆಸರು ನಮ್ಮ ಓದುಗರಿಗೂ ಪರಿಚಿತ.

ಎರಡನೆಯದು ಅಡೆತಡೆಗಳ ಹಂತ. ಕ್ರೀಡೆಯ ಜೀವಾಳ ಇರುವುದು ಇಲ್ಲಿ. ಗೇಟಿನ ಜೊತೆಗೆ ಮರದ ಸೇತುವೆ ದಾಟುವುದು, ಎರಡು ಪೀಪಾಯಿಗಳ ನಡುವೆ ಎಂಟರ ಆಕಾರದಲ್ಲಿ ಸುತ್ತುವುದು, ಮೇಜಿನ ಮೇಲಿನ ಹೂಜಿಯನ್ನು ಎತ್ತಿ ಮತ್ತೆ ಅಲ್ಲಿಯೇ ಇಡುವುದು, ಕಿರಿದಾದ ಓಣಿಯ ಕೊನೆಯಲ್ಲಿ ತೂಗಿದ ಗಂಟೆ ಬಾರಿಸಿ ಹಿಂದಕ್ಕೆ ಹೆಜ್ಜೆಯಿಟ್ಟು ಹೊರಬರುವುದು, ನೆಲಕ್ಕೆ ಅಡ್ಡಲಾಗಿಟ್ಟ ಮರದ ತುಂಡಿನ ಮೇಲೆ ಪಕ್ಕಕ್ಕೆ ಸರಿಯುವುದು ಇತ್ಯಾದಿ ಕೆಲಸಗಳಿವೆ. ಗರೋಚಾ ಎಂಬ ಉದ್ದನೆಯ ಕೋಲನ್ನು ಪೀಪಾಯಿಯಿಂದ ಎತ್ತಿಕೊಂಡು, ಅದರ ತುದಿಯಿಂದ ಉಂಗುರವೊಂದನ್ನು ಚುಚ್ಚಿ ತೆಗೆದು, ಕೋಲನ್ನು ಮರಳಿ ಪೀಪಾಯಿಯಲ್ಲಿ ನಿಲ್ಲಿಸುವ ಪರೀಕ್ಷೆ ನೋಡುಗರಿಗೆ ಅಚ್ಚುಮೆಚ್ಚು. ಗೂಳಿಗಳನ್ನು ಅಟ್ಟಲು ಸ್ಪೇನ್‌ನ ದನಗಾಹಿಗಳು ಹಿಡಿಯುತ್ತಿದ್ದ ಕೋಲೇ ಇದು. ಪ್ರತಿ ಅಡೆತಡೆಗೂ 0ಯಿಂದ 10ರವರೆಗೆ ಅಂಕಗಳುಂಟು. ಗಡಿಯಾರ ಇಲ್ಲಿ ಮುಖ್ಯವಲ್ಲ. ಕುದುರೆಯ ಶಾಂತತೆ, ನಡೆಯ ನಿರಂತರತೆ, ಸವಾರನ ಸೂಚನೆಗಳ ಮೃದುತ್ವ ಇವೇ ಮುಖ್ಯ.

ಮೂರನೆಯದರಲ್ಲಿ ಅವೇ ಬಗೆಯ ಅಡೆತಡೆಗಳನ್ನು ಗಡಿಯಾರದ ವಿರುದ್ಧ ದಾಟಬೇಕು. ತಪ್ಪಿಗೆ ಸೆಕೆಂಡುಗಳ ದಂಡ. ನಾಲ್ಕನೆಯದು ದನಗಳ ಹಂತ: ತಂಡದ ಸವಾರರು ಹಿಂಡಿನಿಂದ ಗೊತ್ತುಪಡಿಸಿದ ದನವನ್ನು ಬೇರ್ಪಡಿಸಿ ಇನ್ನೊಂದು ಬದಿಯ ದೊಡ್ಡಿಗೆ ಸೇರಿಸಬೇಕು. ದನಗಳನ್ನು ಒದಗಿಸುವುದು ವೆಚ್ಚದ ಬಾಬತ್ತಾದ್ದರಿಂದ ಸಣ್ಣ ಸ್ಪರ್ಧೆಗಳಲ್ಲಿ ಈ ಹಂತವನ್ನು ಬಿಟ್ಟುಬಿಡುವುದುಂಟು. ದನಗಳಿಗಾಗಿಯೇ ಹುಟ್ಟಿದ ಕ್ರೀಡೆಯಲ್ಲಿ ದನಗಳೇ ಇಲ್ಲದಂತಾಗುವುದು ವಿಪರ್ಯಾಸವೇ ಸರಿ.

ಯಾವ ಕುದುರೆ? ಯಾವ ಜೀನು?

ಲುಸಿಟಾನೊ ಅಥವಾ ಸ್ಪ್ಯಾನಿಷ್ ತಳಿಯ ಕುದುರೆ ಇಲ್ಲದೆ ಈ ಕ್ರೀಡೆ ಸಾಧ್ಯವಿಲ್ಲ ಎಂಬ ಭಾವನೆ ತಪ್ಪು. ಮೇಲಿನ ಹಂತಗಳಲ್ಲಿ ಆ ತಳಿಗಳು ಎದ್ದುಕಾಣುತ್ತವೆ, ನಿಜ. ಆದರೆ ನಿಯಮಗಳು ಎಲ್ಲ ತಳಿಗಳಿಗೂ, ಪೋನಿಗಳಿಗೂ ಬಾಗಿಲು ತೆರೆದಿವೆ. ಆರಂಭಿಕರಿಗೆ ಬೇಕಾದುದು ವಯಸ್ಸಿಗೆ ಬಂದ, ಸಾಧು ಸ್ವಭಾವದ ಕುದುರೆ. ಕುದುರೆಯ ಬೆನ್ನೆಲುಬು ಪೂರ್ತಿ ಬಲಿಯಲು ಐದಾರು ವರ್ಷ ಬೇಕಾಗುವುದರಿಂದ ಎಳೆಯ ಕುದುರೆಯ ಮೇಲೆ ಬಿಗಿ ತಿರುವುಗಳ ಅಭ್ಯಾಸ ಸಲ್ಲದು. ಜೀನಿನ ಬಗ್ಗೆ ಚಿಂತೆ ಬೇಡ. ಕುದುರೆಯ ಬೆನ್ನಿಗೆ ಸರಿಹೊಂದಿದರೆ ಸಾಕು. ಹೆಲ್ಮೆಟ್ ಮತ್ತು ಹಿಮ್ಮಡಿಯುಳ್ಳ ಬೂಟಿನ ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ಹಿಮ್ಮಡಿಯಿಲ್ಲದ ಪಾದರಕ್ಷೆ ರಿಕಾಪಿನೊಳಗೆ ಜಾರಿ ಸಿಕ್ಕಿಕೊಂಡರೆ ಬಿದ್ದ ಸವಾರನನ್ನು ಕುದುರೆ ಎಳೆದುಕೊಂಡು ಹೋದೀತು.

ಬೆಂಗಳೂರಿನಂಥ ಊರುಗಳ ಸವಾರಿ ಶಾಲೆಗಳಲ್ಲಿ ಓಟದಿಂದ ನಿವೃತ್ತವಾದ ಥರೋಬ್ರೆಡ್ ಕುದುರೆಗಳು ಕಾಣಸಿಗುತ್ತವೆ. ಲಗಾಮು ಬಿಗಿದರೆ ಅದರ ಮೇಲೆ ಭಾರ ಹಾಕಿ ಮುನ್ನುಗ್ಗುವುದು ಓಟದ ಕುದುರೆಯ ರೂಢಿ. ಅಂಥದಕ್ಕೆ ನಿಲ್ಲುವುದನ್ನು, ನಿಂತು ಕಾಯುವುದನ್ನು ಹೊಸದಾಗಿ ಕಲಿಸಬೇಕಾಗುತ್ತದೆ. ಸೇತುವೆ, ಗಂಟೆ, ಗೇಟುಗಳ ಅಭ್ಯಾಸ ಅದಕ್ಕೆ ಒಳ್ಳೆಯ ಮದ್ದು.

ಮೊದಲ ತಿಂಗಳುಗಳು

ಹೆಚ್ಚಿನವರು ಎಡವುವುದು ಇಲ್ಲಿಯೇ. ಗರೋಚಾ ಹಿಡಿದು ನಾಗಾಲೋಟದಲ್ಲಿ ಸಾಗುವ ದೃಶ್ಯ ನೋಡಿ ಬಂದವರಿಗೆ ನಡಿಗೆಯ ಅಭ್ಯಾಸ ರುಚಿಸುವುದಿಲ್ಲ. ಆದರೆ ಗೇಟು ತೆರೆಯಲು ಏನೇನು ಬೇಕು ನೋಡಿ: ಕುದುರೆ ಗೇಟಿಗೆ ಸಮಾನಾಂತರವಾಗಿ ನಿಲ್ಲಬೇಕು, ಕಾಲಿನ ಒತ್ತಡಕ್ಕೆ ಪಕ್ಕಕ್ಕೆ ಒಂದೊಂದೇ ಹೆಜ್ಜೆ ಸರಿಯಬೇಕು, ಮುಂಗಾಲುಗಳ ಸುತ್ತ ಹಿಂಭಾಗವನ್ನು ತಿರುಗಿಸಬೇಕು, ಎರಡು ಹೆಜ್ಜೆ ಹಿಂದಕ್ಕಿಡಬೇಕು, ಮತ್ತೆ ನಿಶ್ಚಲವಾಗಿ ನಿಲ್ಲಬೇಕು. ಇಷ್ಟನ್ನೂ ಒಂದೇ ಕೈಯ ಲಗಾಮಿನಲ್ಲಿ ಹೇಳಬೇಕು, ಏಕೆಂದರೆ ಇನ್ನೊಂದು ಕೈ ಗೇಟಿನ ಮೇಲಿರುತ್ತದೆ. ಆದ್ದರಿಂದ ಲಗಾಮನ್ನು ಆಧರಿಸದೆ ಜೀನಿನಲ್ಲಿ ಸಮತೋಲನದಿಂದ ಕೂರುವುದೇ ಮೊದಲ ಪಾಠ. ಇದನ್ನು ತಿಳಿದ ಗುರುವಿನ ಬಳಿಯೇ ಕಲಿಯಬೇಕು. ಒಳ್ಳೆಯ ಡ್ರೆಸಾಜ್ ಶಿಕ್ಷಕರಿದ್ದರೆ ಅರ್ಧ ದಾರಿ ಸಾಗಿದಂತೆ.

ಅಡೆತಡೆಗಳನ್ನು ಕಡಿಮೆ ವೆಚ್ಚದಲ್ಲಿ ಸಿದ್ಧಪಡಿಸಿಕೊಳ್ಳಬಹುದು. ಎರಡು ಕಂಬಗಳ ನಡುವೆ ಹಗ್ಗ ಕಟ್ಟಿದರೆ ಗೇಟು. ಸ್ಪರ್ಧೆಗಳಲ್ಲೂ ಹಗ್ಗದ ಗೇಟು ಬಳಕೆಯಲ್ಲಿದೆ. ಖಾಲಿ ಪೀಪಾಯಿಗಳ ಅಂತರ ಸ್ಪರ್ಧೆಯಲ್ಲಿ ಸುಮಾರು 3 ಮೀಟರ್. ಕಲಿಯುವಾಗ ಅದನ್ನು ಇಮ್ಮಡಿಗೊಳಿಸಿದರೂ ನಷ್ಟವಿಲ್ಲ. ಸೇತುವೆಯ ವಿಷಯದಲ್ಲಿ ಮಾತ್ರ ಎಚ್ಚರ. ಕುದುರೆಯ ತೂಕ ಸುಮಾರು 500 ಕಿಲೋ. ಹಲಗೆ ಮುರಿದರೆ ಅಥವಾ ಜಾರಿದರೆ ಅದರ ಕಾಲಿಗೆ ಅಪಾಯ. ಜೊತೆಗೆ ಸೇತುವೆ ಎಂದರೆ ಅದು ಮುಂದೆ ಬಹುಕಾಲ ಹಿಂಜರಿಯುತ್ತದೆ.

ಯಾವುದೇ ಹೊಸ ವಸ್ತುವನ್ನು ಮೊದಲು ಸವಾರ ಕೆಳಗಿಳಿದು, ಕುದುರೆಯನ್ನು ಕೈಯಲ್ಲಿ ಹಿಡಿದು ನಡೆಸುತ್ತ ಪರಿಚಯಿಸಬೇಕು. ಕುದುರೆಯ ಕಣ್ಣುಗಳಿರುವುದು ತಲೆಯ ಎರಡು ಬದಿಗಳಲ್ಲಿ. ಸುತ್ತಲಿನ ಬಹುಭಾಗ ಅದಕ್ಕೆ ಕಾಣುತ್ತದೆ, ಆದರೆ ಹಣೆಯ ನೇರ ಮುಂದೆ ಹಾಗೂ ಬೆನ್ನ ಹಿಂದೆ ಸ್ವಲ್ಪ ಜಾಗ ಕಾಣುವುದಿಲ್ಲ. ತಲೆಯ ಮೇಲೆ ಹಾಯುವ ಕೋಲು ಒಂದು ಕಣ್ಣಿಗೆ ಮರೆಯಾಗಿ ಇನ್ನೊಂದಕ್ಕೆ ಥಟ್ಟನೆ ಪ್ರತ್ಯಕ್ಷವಾದರೆ ಅದು ಬೆದರುವುದು ಸಹಜ. ಆದುದರಿಂದ ಕೋಲನ್ನು ಮೊದಲು ನೆಲದ ಮೇಲೆ ಎಳೆದು ಸದ್ದು ಕೇಳಿಸಿ, ಮೈಗೆ ಮೆಲ್ಲನೆ ತಾಗಿಸಿ, ಅನಂತರವೇ ಜೀನಿನ ಮೇಲಿಂದ ಹಿಡಿಯುವುದು ಕ್ರಮ. ಕುದುರೆ ಗಾಬರಿಯಾದರೆ ಕೋಲನ್ನು ತಕ್ಷಣ ಕೆಳಗೆ ಬಿಡಬೇಕು. ಹಿಡಿದೇ ತೀರುತ್ತೇನೆಂಬ ಹಟ ಆಸ್ಪತ್ರೆಗೆ ದಾರಿ.

ಹಲವು ದೇಶಗಳಲ್ಲಿ ಆರಂಭಿಕ ದರ್ಜೆಯ ಸ್ಪರ್ಧೆ ನಡಿಗೆ ಮತ್ತು ಟ್ರಾಟ್, ಅಂದರೆ ಸಾಧಾರಣ ಓಟದ ನಡೆಗಷ್ಟೇ ಸೀಮಿತ. ವೇಗದ ಹಂತ ಆಗ ಇರುವುದಿಲ್ಲ. ಮುಂದಿನ ದರ್ಜೆಗಳಲ್ಲಿ ಕ್ಯಾಂಟರ್ ಸೇರುತ್ತದೆ. ಕ್ಯಾಂಟರ್‌ನಲ್ಲಿ ಕುದುರೆ ಎಡ ಅಥವಾ ಬಲ ಮುಂಗಾಲನ್ನು ಮುಂದುಮಾಡಿ ಸಾಗುತ್ತದೆ. ದಿಕ್ಕು ಬದಲಿಸುವಾಗ ಕೆಳದರ್ಜೆಯವರು ಟ್ರಾಟ್‌ಗೋ ನಡಿಗೆಗೋ ಇಳಿದು ಕಾಲು ಬದಲಿಸಬಹುದು. ಅತ್ಯುನ್ನತ ದರ್ಜೆಯಲ್ಲಿ ನೆಗೆತದ ನಡುವೆ, ಗಾಳಿಯಲ್ಲಿಯೇ ಕಾಲು ಬದಲಾಗಬೇಕು. ಲಗಾಮು ಒಂದೇ ಕೈಯಲ್ಲಿರಬೇಕು. ಆ ಮಟ್ಟ ಮುಟ್ಟಲು ವರ್ಷಗಳೇ ಬೇಕು.

ಸ್ಪರ್ಧೆಯ ದಿನ ಸವಾರರಿಗೆ ಅಂಗಣದಲ್ಲಿ ಕಾಲ್ನಡಿಗೆಯಲ್ಲಿ ಸುತ್ತಿ ಅಡೆತಡೆಗಳ ಅನುಕ್ರಮವನ್ನು ಮನನ ಮಾಡಿಕೊಳ್ಳಲು ಅವಕಾಶವಿರುತ್ತದೆ. ಕೆಂಪು ಬಾವುಟ ಬಲಕ್ಕೆ, ಬಿಳಿ ಬಾವುಟ ಎಡಕ್ಕೆ ಇರುವಂತೆ ಪ್ರತಿ ಅಡೆತಡೆಯನ್ನು ಪ್ರವೇಶಿಸಬೇಕು. ಕ್ರಮ ತಪ್ಪಿ, ಅದನ್ನು ಸರಿಪಡಿಸದೆ ಮುಂದೆ ಹೋದವರು ಸ್ಪರ್ಧೆಯಿಂದ ಹೊರಗೆ. ಎಷ್ಟೇ ಚೆನ್ನಾಗಿ ಗೇಟು ತೆರೆದಿದ್ದರೂ ಆಗ ಲೆಕ್ಕಕ್ಕಿಲ್ಲ.