‘ವರ್ಮಿಕ್ಯುಲೇಟ್’: ಹರಿದ ಹುಳು, ಕೊರೆದ ಹುಳು

ಹುಳುವಿನಾಕಾರದ ಅಂಕುಡೊಂಕು ಗೆರೆಗಳ ವಿನ್ಯಾಸವನ್ನು ಸೂಚಿಸುವ ಇಂಗ್ಲಿಷಿನ ‘ವರ್ಮಿಕ್ಯುಲೇಟ್’ ಪದದ ವ್ಯುತ್ಪತ್ತಿ ಮೇಲ್ನೋಟಕ್ಕೆ ನಿರ್ವಿವಾದ: ಲ್ಯಾಟಿನ್ನಿನಲ್ಲಿ ಹುಳು ‘ವರ್ಮಿಸ್’, ಅದರ ಅಲ್ಪಾರ್ಥಕ ರೂಪ ‘ವರ್ಮಿಕ್ಯುಲಸ್’, ಅದರಿಂದ ಸಾಧಿತವಾದುದು ‘ವರ್ಮಿಕ್ಯುಲಾಟಸ್’. ಆದರೆ ‘ಹುಳುವಿನಂಥ’ ಎಂಬ ನಿಘಂಟಿನ ಅರ್ಥವು ಹುಳುವಿನ ಯಾವ ಧರ್ಮ ಇಲ್ಲಿ ಉಪಮಾನವಾಯಿತೆಂಬುದನ್ನು ಮರೆಮಾಡುತ್ತದೆ. ಹರಿಯುವ ಮೈಯ ಬಳುಕೋ, ಕೊರೆದು ತಿಂದ ಜಾಡೋ? ಪದದ ಚರಿತ್ರೆಯಲ್ಲಿ ಎರಡೂ ಉಂಟು.

(ಸಂಸ್ಕೃತದ ‘ಕೃಮಿ’ಯನ್ನು ‘ವರ್ಮಿಸ್’ನ ಜ್ಞಾತಿಪದವೆಂದು ಭಾವಿಸುವುದು ಸಹಜವಾದರೂ ಆದಿವ್ಯಂಜನಗಳು ಹೊಂದುವುದಿಲ್ಲ. ‘ವರ್ಮಿಸ್’ಗೆ ಇಂಗ್ಲಿಷಿನ ‘ವರ್ಮ್’ ಜ್ಞಾತಿ. ‘ಕೃಮಿ’ಗೆ ಲಿಥುವೇನಿಯನ್ನಿನ ‘ಕಿರ್ಮಿಸ್’, ಪರ್ಷಿಯನ್ನಿನ ‘ಕಿರ್ಮ್’. ಕೆಂಪು ಬಣ್ಣದ ಹೆಸರುಗಳನ್ನು ಮಾತ್ರ ಎರಡು ಕುಲಗಳೂ ಹೆತ್ತಿವೆ: ಒಂದೆಡೆ ‘ವರ್ಮಿಲಿಯನ್’, ಇನ್ನೊಂದೆಡೆ ಅರಬ್ಬಿಯ ಮೂಲಕ ಬಂದ ‘ಕ್ರಿಮ್ಸನ್’.)

ಕ್ರಿ.ಪೂ. 2ನೆಯ ಶತಮಾನದ ವಿಡಂಬನಕವಿ ಲುಸಿಲಿಯಸ್ ಈ ಪದವನ್ನು ಪ್ರಯೋಗಿಸಿದ್ದು ಭಾಷೆಯ ವಿಷಯದಲ್ಲೇ ಎಂಬುದು ನಮಗೆ ವಿಶೇಷ ಕುತೂಹಲಕರ. ಗ್ರೀಕ್ ವ್ಯಾಮೋಹಿ ಅಲ್ಬುಸಿಯಸನ ಪದಜೋಡಣೆಯನ್ನು ಅವನು ನೆಲಹಾಸಿನ ‘ವರ್ಮಿಕ್ಯುಲಾಟಸ್’ ಕೆತ್ತಗೆಲಸದ ಪುಟ್ಟ ಹರಳುಗಳಿಗೆ ಹೋಲಿಸಿ ಗೇಲಿಮಾಡಿದ. ಆ ಸಾಲುಗಳು ಉಳಿದದ್ದು ಸಿಸೆರೊ ಉದ್ಧರಿಸಿದ್ದರಿಂದ. ಚಿತ್ರದ ಹೊರಗೆರೆಯನ್ನು ಅನುಸರಿಸಿ ಬಾಗುತ್ತ ಸಾಗುವ ಹರಳಿನ ಸಾಲು ಇಲ್ಲಿನ ಉಪಮೇಯ; ಕೊಳೆತದ ಸೋಂಕು ಅದರಲ್ಲಿಲ್ಲ. ಗೇಲಿಯ ಗುರಿ ಅತಿನಾಜೂಕು.

ಇನ್ನೊಂದು ಚಿತ್ರ ಕ್ರಿ.ಶ. 1ನೆಯ ಶತಮಾನದ ಪ್ಲಿನಿಯಲ್ಲಿ ಸ್ಪಷ್ಟ: ಮರಗಳಿಗೆ ಹುಳು ಹಿಡಿಯುವ ರೋಗಕ್ಕೆ ಅವನು ‘ವರ್ಮಿಕ್ಯುಲಾಟಿಯೊ’ ಎನ್ನುತ್ತಾನೆ. 1605ರಲ್ಲಿ ಫ್ರಾನ್ಸಿಸ್ ಬೇಕನ್ ಮಧ್ಯಯುಗದ ಪಂಡಿತರ ಸೂಕ್ಷ್ಮಪ್ರಶ್ನೆಗಳನ್ನು ‘ವರ್ಮಿಕ್ಯುಲೇಟ್’ ಎಂದು ಜರೆದಾಗ ಅವನ ಮನಸ್ಸಿನಲ್ಲಿದ್ದುದೂ ಗಟ್ಟಿ ಪದಾರ್ಥ ಕೊಳೆತು ಹುಳುವಾಗುವ ಚಿತ್ರವೇ. ಹೀಗೆ ಒಂದೇ ಪದ ವಾಗ್ವಿಲಾಸವನ್ನು ಎರಡು ಬಾರಿ ಹಳಿದಿದೆ, ಆದರೆ ಎರಡು ಬೇರೆ ಹುಳುಗಳ ನೆಪದಲ್ಲಿ.

ವಾಸ್ತುಶಿಲ್ಪ ಈ ಎರಡನ್ನೂ ಬೆರೆಸಿತು. 1674ರ ಪ್ಯಾರಿಸ್ಸಿನ ಸಾನ್ ಮಾರ್ತಾನ್ ಮಹಾದ್ವಾರದ ಕಲ್ಲುಗಳ ಮೈಮೇಲೆ ಹುಳು ಕೊರೆದಂತಹ ಜಾಡುಗಳನ್ನು ಬೇಕೆಂದೇ ಕಡೆಯಲಾಗಿದೆ. ನಾಶದ ಗುರುತು ಅಲಂಕಾರವಾಯಿತು. ಪಕ್ಷಿಶಾಸ್ತ್ರದಲ್ಲಂತೂ ನಿಂದೆಯ ಛಾಯೆ ಪೂರ್ತಿ ಅಳಿದಿದೆ. ಚಳಿಗಾಲದಲ್ಲಿ ನಮ್ಮ ಕೆರೆಗಳಿಗೆ ಬರುವ ಸೂಜಿಬಾಲದ ಗಂಡು ಬಾತಿನ ಪಕ್ಕೆಯ ನವಿರಾದ ಬೂದುಗೆರೆಗಳಿಗೂ ಇದೇ ವಿಶೇಷಣ.

ಕನ್ನಡದ ‘ಹುಳು’ (ಹಳಗನ್ನಡದ ‘ಪುೞು’) ಈ ದಾರಿಯಲ್ಲಿ ಅರ್ಧವನ್ನಷ್ಟೇ ನಡೆದಿದೆ. ‘ಹುಳುಕು’ ಹಲ್ಲಿಗೂ ಕಾಳಿಗೂ ಹಿಡಿದು, ‘ಹುಳುಕು ಹುಡುಕು’ ಎಂಬಲ್ಲಿ ದೋಷವೆಂಬ ಅರ್ಥ ಪಡೆಯಿತು. ಬೇಕನ್ನನ ಪ್ರಶ್ನೆಗಳನ್ನು ‘ಹುಳುಕು ಪ್ರಶ್ನೆಗಳು’ ಎಂದರೆ ಬಹುಮಟ್ಟಿಗೆ ಸಲ್ಲುತ್ತದೆ. ಲುಸಿಲಿಯಸನ ಹರಳುಗಳಿಗೆ ಅದು ಸಲ್ಲದು. ಅಲ್ಲಿಗೆ ‘ಹರಿಗೆರೆ’ಯಂಥ ಹೊಸ ಸಮಾಸವನ್ನೇ ಕಟ್ಟಬೇಕಾಗುತ್ತದೆ.