ತೋಳಿನ ಮೇಲಿನ ಗುರುತು

ನಮ್ಮ ನಡುವಣ ಹಿರಿಯರ ತೋಳಿನ ಮೇಲೆ ಬಿಲ್ಲೆಯಷ್ಟಗಲದ ಕಲೆಯೊಂದು ಇಂದಿಗೂ ಕಾಣುತ್ತದೆ. ಅದು ಸಿಡುಬು ಬಾರದಂತೆ ದೇವಿ ಹಾಕಿಸಿದ ಗುರುತು. ಭಾರತದಲ್ಲಿ ಸಿಡುಬಿನ ಕಡೆಯ ಪ್ರಕರಣ ಕಂಡದ್ದು 1975ರ ಮೇ ತಿಂಗಳಲ್ಲಿ. 1980ರ ಮೇ ತಿಂಗಳಲ್ಲಿ, ಆ ರೋಗ ಭೂಮಂಡಲದಿಂದಲೇ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಈ ಗೆಲವಿನ ಕಥೆ ಹೇಳುವಾಗ ನಾವು ವೈದ್ಯರನ್ನು ನೆನೆಯುತ್ತೇವೆ. ಮಗುವಿನ ತೋಳನ್ನು ಮುಂದೊಡ್ಡಿದ ತಾಯಿತಂದೆಯರನ್ನು ಮರೆಯುತ್ತೇವೆ. ಒಡ್ಡಲು ಹಿಂಜರಿದವರನ್ನಂತೂ ಅಜ್ಞಾನಿಗಳೆಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಅವರು ಹಿಂಜರಿದುದಾದರೂ ಏಕೆ?

ಎಡ್ವರ್ಡ್ ಜೆನ್ನರ್ 1796ರಲ್ಲಿ ಇಂಗ್ಲೆಂಡಿನಲ್ಲಿ ಗೋಸಿಡುಬಿನ ಕೀವಿನಿಂದ ಮನುಷ್ಯರನ್ನು ಸಿಡುಬಿನಿಂದ ಕಾಪಾಡಬಹುದೆಂದು ತೋರಿಸಿದನು. ಆ ಮದ್ದು 1802ರ ಜೂನ್ ತಿಂಗಳಲ್ಲಿ ಮುಂಬಯಿಗೆ ತಲುಪಿತು. ಅಲ್ಲಿ ಅದನ್ನು ಮೊದಲು ಪಡೆದವಳು ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹುಡುಗಿ. ನಮ್ಮ ಬಿಸಿಲಿನಲ್ಲಿ ಮದ್ದು ಬಹಳ ದಿನ ಬಾಳುತ್ತಿರಲಿಲ್ಲ. ಆದುದರಿಂದ ತೋಳಿನಿಂದ ತೋಳಿಗೆ ದಾಟಿಸುವುದೇ ಉಪಾಯವಾಯಿತು. ಒಂದು ಮಗುವಿಗೆ ಹಾಕಿದ ಸುಮಾರು ಎಂಟನೆಯ ದಿನ, ತಾಯಿ ಅದನ್ನು ಮರಳಿ ಕರೆತರಬೇಕು. ಎದ್ದ ಬೊಕ್ಕೆಯ ರಸವನ್ನು ತೆಗೆದು ಮತ್ತೊಂದು ಮಗುವಿನ ತೋಳಿಗೆ ಹಚ್ಚಬೇಕು.

ಇದನ್ನು ಆ ತಾಯಿಯ ಕಣ್ಣಿನಿಂದ ನೋಡಬೇಕು. ಯಾರ ಮನೆಯ ಕೂಸಿನ ಮೈರಸ ನನ್ನ ಕೂಸಿನ ಮೈಗೆ ಸೇರುತ್ತದೆ? ಆ ಕೂಸಿಗೆ ಬೇರೆ ರೋಗವಿದ್ದರೆ? ಮೊದಲ ಪ್ರಶ್ನೆಯಲ್ಲಿ ಜಾತಿಯ ಅಳುಕಿತ್ತು, ನಿಜ. ಎರಡನೆಯದು ಮಾತ್ರ ಬರಿಯ ಭ್ರಮೆಯಾಗಿರಲಿಲ್ಲ. ತೋಳಿನಿಂದ ತೋಳಿಗೆ ದಾಟಿಸುವಾಗ ಬೇರೆ ರೋಗಗಳೂ ದಾಟಿದ ಉದಾಹರಣೆಗಳು ಯೂರೋಪಿನಲ್ಲಿಯೇ ಉಂಟು.

ತಿಳಿವಳಿಕೆಯೇ ಇರಲಿಲ್ಲವೆಂಬುದೂ ಸರಿಯಲ್ಲ. ಬಂಗಾಳದ ಟೀಕಾದಾರರು ಸಿಡುಬಿನ ಕೀವನ್ನೇ ಚುಚ್ಚಿ, ಪಥ್ಯ ಪೂಜೆಗಳೊಡನೆ ಮಕ್ಕಳನ್ನು ಕಾಪಾಡುತ್ತಿದ್ದರು. ಅದರಲ್ಲಿ ಅಪಾಯ ಹೆಚ್ಚು; ರೋಗ ಇತರರಿಗೆ ಹರಡಲೂಬಹುದಾಗಿತ್ತು. ಆದರೂ ಟೀಕಾದಾರನು ಮನೆಯವರು ಬಲ್ಲವನು. ನಮ್ಮ ಕಡೆ ಸಿಡುಬೆಂದರೆ ಅಮ್ಮ ಬಂದಂತೆ. ಬೇವಿನ ಸೊಪ್ಪು, ತಂಪು, ಮಡಿ ಇವುಗಳಿಂದ ಆಕೆಯನ್ನು ಶಾಂತಳಾಗಿಸಬೇಕು. ಪೂಜೆಯಿಲ್ಲದೆ ಸೂಜಿ ಹಿಡಿದು ಬಂದ ಸರ್ಕಾರದ ಆಳನ್ನು ಜನ ಶಂಕಿಸಿದುದರಲ್ಲಿ ಆಶ್ಚರ್ಯವೇನು?

ಈ ಶಂಕೆಯನ್ನು ಹೋಗಲಾಡಿಸಲು ನಡೆದ ಯತ್ನಗಳಲ್ಲಿ ಒಂದು ನಮ್ಮ ಮೈಸೂರಿನದು. ಬಾಲಕ ಅರಸು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯವರು ದೇವಿ ಹಾಕಿಸಿಕೊಂಡರು. ಆ ಸುದ್ದಿ ಪ್ರಜೆಗಳಿಗೆ ಧೈರ್ಯ ಕೊಟ್ಟಿತೆಂದು ಅಂದಿನ ದಾಖಲೆಗಳು ಹೇಳುತ್ತವೆ. ಥಾಮಸ್ ಹಿಕಿ ಎಂಬ ಚಿತ್ರಕಾರ 1805ರ ಸುಮಾರಿಗೆ ಬರೆದ ಚಿತ್ರವೊಂದರಲ್ಲಿ ಮೂವರು ಸ್ತ್ರೀಯರಿದ್ದಾರೆ. ಬಲಗಡೆಯವಳು ಸೆರಗನ್ನು ಸರಿಸಿ ತೋಳನ್ನು ತೋರುತ್ತಿದ್ದಾಳೆ. ಅವಳೇ ದೇವಾಜಮ್ಮಣ್ಣಿ, ತೋರುತ್ತಿರುವುದು ದೇವಿ ಹಾಕಿದ ಜಾಗ, ನಡುವೆ ಇರುವವರು ರಾಜಮಾತೆ ಲಕ್ಷ್ಮಮ್ಮಣ್ಣಿ ಎಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ 2001ರಲ್ಲಿ ವಾದಿಸಿದರು. ವಾದ ಸರಿಯಾದರೆ ಅದರ ಅರ್ಥ ದೊಡ್ಡದು. ಅರಮನೆ ಪ್ರಜೆಗಳಿಗೆ ಅಪ್ಪಣೆ ಕೊಡಲಿಲ್ಲ. ತನ್ನ ಮನೆಯ ಸೊಸೆಯ ತೋಳನ್ನು ಮೊದಲು ತೋರಿಸಿತು.

ಮುಂದೆ ಬ್ರಿಟಿಷ್ ಸರ್ಕಾರ ಕಾನೂನಿನ ದಾರಿಯನ್ನೂ ಹಿಡಿಯಿತು. 1880ರ ಶಾಸನ, ಅದು ಜಾರಿಯಾದ ಊರುಗಳಲ್ಲಿ ಮಕ್ಕಳಿಗೆ ದೇವಿ ಹಾಕಿಸುವುದನ್ನು ಕಡ್ಡಾಯಗೊಳಿಸಿತು. ಕಾನೂನಿಗಿಂತ ಹೆಚ್ಚು ನೆರವಾದದ್ದು ಬಹುಶಃ ಕರುವಿನಿಂದ ಮದ್ದು ತಯಾರಿಸುವ ಕ್ರಮ. ಅದು ಬಂದ ಮೇಲೆ ಪರರ ಕೂಸಿನ ರಸವೆಂಬ ಅಳುಕು ತಾನಾಗಿ ಅಳಿಯಿತು; ತನ್ನ ಮಗುವಿನ ಬೊಕ್ಕೆಯನ್ನು ಒಡೆಸಿಕೊಳ್ಳುವ ಸಂಕಟವೂ ತಪ್ಪಿತು. ತಾಯಂದಿರ ಆಕ್ಷೇಪಣೆಗೆ ವಿಜ್ಞಾನ ಕೊಟ್ಟ ಮರ್ಯಾದೆಯ ಉತ್ತರ ಅದು.

ನಮ್ಮ ಭಾಷೆ ಇನ್ನೊಂದು ಉತ್ತರ ಕೊಟ್ಟಿತು. ರೋಗದ ದೇವತೆಯ ಹೆಸರನ್ನೇ ಮದ್ದಿಗಿಟ್ಟು 'ದೇವಿ ಹಾಕಿಸುವುದು' ಎಂದಿತು. ದೇವಿಯನ್ನು ಬಿಡದೆಯೇ ಸೂಜಿಯನ್ನು ಒಪ್ಪುವ ದಾರಿ ಅದರಲ್ಲಿತ್ತು.

ಇಂದು ದಡಾರ, ಪೋಲಿಯೋಗಳ ಲಸಿಕೆಗೆಂದು ಮಗುವನ್ನೆತ್ತಿಕೊಂಡು ಬಂದ ತಾಯಿಯೂ ಬಾಗಿಲಲ್ಲಿ ಒಂದು ಕ್ಷಣ ನಿಂತು, 'ಏನೂ ಆಗುವುದಿಲ್ಲವಷ್ಟೆ?' ಎಂದು ಕೇಳುತ್ತಾಳೆ. ಆ ಪ್ರಶ್ನೆಗೆ ಇನ್ನೂರು ವರ್ಷ ವಯಸ್ಸಾಗಿದೆ. ಅದನ್ನು ಗದರಿಸಿ ಅಡಗಿಸಿದಾಗ ಮಕ್ಕಳು ಅಟ್ಟದ ಮೇಲೆ ಅಡಗಿದರು. ಕುಳಿತು ಉತ್ತರ ಹೇಳಿದಾಗ ತೋಳುಗಳು ಮುಂದೆ ಬಂದವು.